ಯಾವ ಬಹದ್ದೂರ್?

ಬಾಗಲಗುಂಟೆ

ನೇಪಾಳಕ್ಕೆ ಹೋಗಿ ಬಂದ ಮೇಲೆ ನಮ್ಮ ಬೀದಿಯಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಮುಕ್ತಿನಾಥದ ನೂರೆಂಟು ಧಾರೆಯ ಕೆಳಗೆ ನಿಂತಿರಾ, ನೀರು ಅಷ್ಟೊಂದು ತಣ್ಣಗಿರುತ್ತದಂತೆ ನಿಜವೇ? ನಾನು ನಿಲ್ಲಲಿಲ್ಲ. ಮುಕ್ತಿನಾಥದ ಯಾತ್ರೆಗೆ ಹೋಗಿ ಮುಕ್ತಿನಾಥವನ್ನೇ ನೋಡದೆ ಬಂದವರು ಇಡೀ ಬಸ್ಸಿನಲ್ಲಿ ನಾನು ಮತ್ತು ನನ್ನ ಹೆಂಡತಿ ಗಂಗಮ್ಮ ಇಬ್ಬರೇ. ಅದು ಹೇಗಾಯಿತು ಎಂದು ಬಾಯಲ್ಲಿ ಹೇಳಲು ಹೋದರೆ ಅರ್ಧಕ್ಕೇ ಮಾತು ಬದಲಾಯಿಸಿಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ತಪ್ಪುಗಳಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಬಾಗಲಗುಂಟೆಯ ಹಳೇ ಮನೆತನ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ನಾನು ಮನೆ ಬೆಳೆದೆ. ಮೇಲೆ ನಾವಿರುವ ಮನೆ, ಕೆಳಗೆ ಸಾಲಾಗಿ ಶೀಟು ಹೊದಿಸಿದ ರೂಮುಗಳು. ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗುವವರು ಅಲ್ಲಿ ಬಾಡಿಗೆಗಿದ್ದಾರೆ. ಒರಿಸ್ಸಾ, ಬಿಹಾರ, ಅಸ್ಸಾಮು, ಎಲ್ಲಿಂದ ಬಂದರೂ ನಮ್ಮ ಬಾಯಲ್ಲಿ ಅವರೆಲ್ಲ ‘ಹಿಂದಿಯವರು’. ಬೋರ್‌ವೆಲ್ ಒಂದು, ಟ್ಯಾಂಕು ಒಂದು. ಕೆಳಗಿನ ರೂಮುಗಳಿಗೆ ಇಳಿಯುವ ಪೈಪಿಗೆ ಒಂದು ವಾಲ್ವು. ಅದರ ಹಿಡಿಯನ್ನು ಬಿಚ್ಚಿ ಜೇಬಿನಲ್ಲಿ ಇಟ್ಟುಕೊಳ್ಳುತ್ತಿದ್ದೆ. ಬೆಳಿಗ್ಗೆ ತಿರುಗಿಸಿ, ಅವರು ಬಿಂದಿಗೆ ಬಕೀಟು ತುಂಬಿಸಿಕೊಳ್ಳುವಷ್ಟು ಹೊತ್ತು ಬಿಟ್ಟು, “ಪಾನಿ ಬಂದ್!” ಎಂದು ಕೂಗಿ ನಿಲ್ಲಿಸುತ್ತಿದ್ದೆ. ಮೇಲಿನ ನಮ್ಮ ಮನೆಯ ಪೈಪಿಗೆ ವಾಲ್ವು ಇರಲಿಲ್ಲ. ಇರಬೇಕು ಎಂದು ಯಾವತ್ತೂ ಹೊಳೆದಿರಲಿಲ್ಲ.

ಮೂಲೆಯ ರೂಮಿನಲ್ಲಿ ಬಹದ್ದೂರ್ ಇದ್ದ. ನೇಪಾಳದವನು, ಒಂದು ಫ್ಯಾಕ್ಟರಿಯ ಗೇಟು ಕಾಯುತ್ತಿದ್ದ. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದಳು. ಒಬ್ಬಳು ಚಿಕ್ಕ ಮಗಳು, ಹುಟ್ಟಿದ್ದು ನಮ್ಮ ರೂಮಿನಲ್ಲಿರುವಾಗಲೇ. ಮೂವರಿಗೂ ಕನ್ನಡ ಚೆನ್ನಾಗಿ ಬರುತ್ತಿತ್ತು. “ನಮ್ಮೂರು ಬಾಗ್ಲುಂಗ್, ನಿಮ್ಮೂರು ಬಾಗಲಗುಂಟೆ. ಅಣ್ಣ ತಮ್ಮ ಊರುಗಳು ಸಾರ್,” ಎಂದು ಅವನು ನಗುತ್ತಿದ್ದ.

ಒಂದು ಬೇಸಿಗೆಯಲ್ಲಿ ಆ ಮಗುವಿಗೆ ವಾಂತಿಭೇದಿ ಆಯಿತು. ಬಹದ್ದೂರ್ ಡಬಲ್ ಡ್ಯೂಟಿಯಲ್ಲಿದ್ದ. ಗಂಗಮ್ಮ ತುಮಕೂರಿಗೆ, ಮಗಳ ಮನೆಗೆ ಹೋಗಿದ್ದಳು. ಮಧ್ಯಾಹ್ನ ನಾನು ಕೆಳಗಿಳಿದಾಗ ಅವನ ಹೆಂಡತಿ ಕಟಿಂಗ್ ಪ್ಲೇಯರಿನಿಂದ ವಾಲ್ವು ತಿರುಗಿಸುತ್ತಿದ್ದಳು. ಪ್ಲೇಯರು ಕಿತ್ತುಕೊಂಡೆ. ಎಲ್ಲ ರೂಮಿನವರೂ ಹೊರಗೆ ಬಂದು ನೋಡುವ ಹಾಗೆ ಬೈದೆ. “ನೀರು ಬೇಕಾದ್ರೆ ನಿಮ್ಮೂರಿಗೆ ಹೋಗ್ರಿ, ಇಲ್ಲಿ ಕದೀಬೇಡಿ,” ಎಂದೆ. ತೆರೆದ ಬಾಗಿಲಿನಿಂದ ಒಳಗೆ ಚಾಪೆಯ ಮೇಲೆ ಮಗು ಮಲಗಿದ್ದು ಕಾಣಿಸುತ್ತಿತ್ತು. ಕಂಡರೂ ಬೈದೆ.

ಮಾರನೆಯ ಬೆಳಿಗ್ಗೆ ರೂಮು ಖಾಲಿ. ಬೀಗದ ಕೈ ಕಿಟಕಿಯಲ್ಲಿತ್ತು. ನಾನು ಹೇಳಿದಂತೆಯೇ ಮಾಡಿದ್ದರು, ಊರಿಗೆ ಹೋಗಿದ್ದರು. ಫೋನು ಮಾಡಿದರೆ ಸ್ವಿಚ್ ಆಫ್. ತುಮಕೂರಿನಿಂದ ಬಂದ ಗಂಗಮ್ಮ ಕೇಳಿದ್ದು ಒಂದೇ ಮಾತು: “ಮಗು ಎಂಗಿತ್ತು?”

ನನಗೆ ಗೊತ್ತಿರಲಿಲ್ಲ. ಅಷ್ಟು ಚಿಕ್ಕ ಮಗು, ಅಂಥ ಕಾಯಿಲೆ, ಅಷ್ಟು ದೂರದ ರೈಲು. ಬದುಕಿದೆಯೋ ಇಲ್ಲವೋ. ಆಮೇಲೆ ದಿನವೂ ವಾಲ್ವು ತಿರುಗಿಸುವಾಗ ಅದೇ ನೆನಪಾಗುತ್ತಿತ್ತು. ನೆನಪಾದರೂ ತಿರುಗಿಸಿ ನಿಲ್ಲಿಸುತ್ತಲೇ ಇದ್ದೆ, ಸುಳ್ಳು ಹೇಳಬಾರದು.

ಒಂದು ದಿನ ನಾಗಸಂದ್ರದ ಮೆಟ್ರೋ ಕೆಳಗೆ ಯಾರೋ ಯಾತ್ರೆಯ ಚೀಟಿ ಹಂಚುತ್ತಿದ್ದರು. ಪಶುಪತಿನಾಥ, ಪೋಖರಾ, ಮುಕ್ತಿನಾಥ. ಹಿಂದೆ ಒಂದು ಚಿಕ್ಕ ನಕ್ಷೆ. ಪೋಖರಾದಿಂದ ಮುಕ್ತಿನಾಥಕ್ಕೆ ಹೋಗುವ ಗೆರೆಯ ಮೇಲೆ ಬಾಗ್ಲುಂಗ್ ಎಂದು ಬರೆದಿತ್ತು. ಮನೆಗೆ ತಂದು ಗಂಗಮ್ಮನಿಗೆ ತೋರಿಸಿದೆ. ಅವಳು ಅಟ್ಟದಿಂದ ಸೂಟ್‌ಕೇಸ್ ಇಳಿಸಿದಳು.

ಕಠ್ಮಂಡು

ಹೊರದೇಶಕ್ಕೆ ಹೋದೆವು ಎನ್ನುವುದು ಹೆಸರಿಗೆ. ಬಸ್ಸಿನ ತುಂಬ ನಮ್ಮವರು, ಅಡಿಗೆಯವರೂ ನಮ್ಮವರು. ಎದುರಿಗೆ ಹಿಮದ ಬೆಟ್ಟ ನಿಂತಿದ್ದರೆ ನಮ್ಮ ಜನ ಅದಕ್ಕೆ ಬೆನ್ನು ಹಾಕಿ, ಇವತ್ತು ಸಾರಿಗೆ ಹುಣಸೆಹಣ್ಣು ಜಾಸ್ತಿಯಾಯಿತು ಎಂದು ಜಗಳ ಆಡುತ್ತಿದ್ದರು.

ಹೋಟೆಲಿನಲ್ಲಿ ಮೊದಲ ದಿನವೇ ನನಗೊಂದು ವಿಷಯ ಗೊತ್ತಾಯಿತು. ಬಿಸಿನೀರು ಬೇಕಾಗಿತ್ತು. ಅಲ್ಲಿದ್ದ ಹೆಣ್ಣುಮಗಳಿಗೆ, “ಏಯ್, ಪಾನಿ ಲಾವೋ, ಜಲ್ದಿ!” ಎಂದೆ. ಅವಳು ತಲೆಯಾಡಿಸಿ ಹೋದಳು. ಸ್ವಲ್ಪ ಮೆತ್ತಗೆ ಏನಾದರೂ ಹೇಳೋಣವೆಂದು ಹುಡುಕಿದರೆ ನನ್ನ ಹತ್ತಿರ ಬೇರೆ ಹಿಂದಿಯೇ ಇಲ್ಲ. ಗೇಟ್ ಬಂದ್ ಕರೋ. ಲೈಟ್ ಬಂದ್ ಕರೋ. ಇಧರ್ ಮತ್ ಬೈಠೋ. ಕಿರಾಯಾ ದೇವೋ. ಇಷ್ಟು ವರ್ಷ ಬಾಡಿಗೆಯವರ ಜೊತೆ ಆಡಿ ಆಡಿ ಕಲಿತ ಹಿಂದಿ ಅದು. ಒಂದು ಮಾತೂ ಕೇಳಿಕೊಳ್ಳುವ ಮಾತಲ್ಲ, ಎಲ್ಲ ಅಪ್ಪಣೆ.

ಯಾತ್ರೆಯ ಮ್ಯಾನೇಜರ್ ರಾಜಾಜಿನಗರದವನು, ಚುರುಕಾದ ಮನುಷ್ಯ. “ದಯವಿಟ್ಟು ಅನ್ನೋದಕ್ಕೆ ಹಿಂದೀಲಿ ಏನಂತಾರಪ್ಪ?” ಎಂದು ಕೇಳಿದೆ.

“ಕೃಪಯಾ ಅಂತಾರೆ ಯಜಮಾನ್ರೇ. ಆದ್ರೆ ಯಾರೂ ಅನ್ನಲ್ಲ. ಅದು ಮುಖದಲ್ಲೇ ಇರ್ಬೇಕು.”

ಆವತ್ತು ಶೇವ್ ಮಾಡಿಕೊಳ್ಳುವಾಗ ಕನ್ನಡಿಯಲ್ಲಿ ನನ್ನ ಮುಖ ಸ್ವಲ್ಪ ಹೊತ್ತು ನೋಡಿಕೊಂಡೆ.

ಪಶುಪತಿನಾಥನ ಗುಡಿಯಲ್ಲಿ ಗರ್ಭಗುಡಿಯೊಳಗೆ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ನಮ್ಮ ಕರ್ನಾಟಕದ ಕಡೆಯವರೂ ಇದ್ದಾರೆ ಎಂದು ತಿಳಿದು ನಮ್ಮ ಬಸ್ಸಿನವರೆಲ್ಲ ಎದೆಯುಬ್ಬಿಸಿಕೊಂಡರು. ನನಗೆ ಮಾತ್ರ ಕುತ್ತಿಗೆ ಬಗ್ಗಿತು. ಈ ಜನ ತಮ್ಮ ದೇವರನ್ನೇ ನಮ್ಮ ಕಡೆಯವರ ಕೈಗೆ ಕೊಟ್ಟಿದ್ದಾರೆ. ನಾನು ಇವರ ಕಡೆಯವನ ಕೈಗೆ ಒಂದು ವಾಲ್ವಿನ ಹಿಡಿ ಕೊಡಲಿಲ್ಲ.

ಬಾಗ್ಲುಂಗ್ ಪೇಟೆ

ಬಾಗ್ಲುಂಗಿನಲ್ಲಿ ಬಸ್ಸು ನಿಲ್ಲಿಸಿ ಎಂದು ಹೇಗೆ ಕೇಳುವುದು, ಏನು ಕಾರಣ ಹೇಳುವುದು ಎಂದು ದಾರಿಯುದ್ದಕ್ಕೂ ಚಿಂತೆಯಿತ್ತು. ಕೇಳುವ ಪ್ರಸಂಗವೇ ಬರಲಿಲ್ಲ. ಮುಂದೆ ಗುಡ್ಡ ಕುಸಿದು ದಾರಿ ಮುಚ್ಚಿದೆ ಎಂದು ಬಸ್ಸು ಅಲ್ಲಿಯೇ ನಿಂತಿತು. ಅಡಿಗೆಯವರು ಒಲೆ ಇಳಿಸಿ ಪುಳಿಯೋಗರೆಗೆ ಅನ್ನ ಇಟ್ಟರು. ನಾವಿಬ್ಬರು ಪೇಟೆಯ ಕಡೆ ನಡೆದೆವು.

ಒಂದು ಟೀ ಅಂಗಡಿ. ಅಂಗಡಿಯ ಹೆಂಗಸು ನನ್ನನ್ನು ನೋಡಿ ನಕ್ಕು, “ಬಾ! ಬಾ!” ಎಂದಳು. ಇವಳಿಗೂ ಕನ್ನಡ ಬರುತ್ತದೆಯೇ ಎಂದು ಖುಷಿಯಾಯಿತು. ಮರುಕ್ಷಣವೇ, ನನ್ನಂಥ ಮುದುಕನನ್ನು ಏಕವಚನದಲ್ಲಿ ಕರೆಯುತ್ತಾಳಲ್ಲ ಎಂದು ಸಿಟ್ಟೂ ಬಂತು. ಗಂಗಮ್ಮ, “ಕರೀತಾವ್ಳಲ್ಲ, ಓಗ್ರೀ,” ಎಂದು ತಳ್ಳಿದಳು. ಆಮೇಲೆ ಗೊತ್ತಾಯಿತು, ಅವರ ಭಾಷೆಯಲ್ಲಿ ‘ಬಾ’ ಎಂದರೆ ಅಪ್ಪ. ದಾರಿಯಲ್ಲಿ ಹೋಗುವ ಯಾವ ಮುದುಕನನ್ನೂ ಅವರು ಅಪ್ಪ ಎಂದೇ ಕರೆಯುವುದು.

ಬೆಂಚಿನ ಮೇಲೆ ನಾಲ್ಕೈದು ಜನ ವಯಸ್ಸಾದವರು ಕೂತಿದ್ದರು. “ಬಹದ್ದೂರ್ ಘರ್ ಕಿಧರ್?” ಎಂದು ಕೇಳಿದೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗತೊಡಗಿದರು. ನಗು ಕೇಳಿ ಪಕ್ಕದ ಟೈರು ಅಂಗಡಿಯಿಂದ ಒಬ್ಬ ಕೈ ಒರೆಸಿಕೊಳ್ಳುತ್ತ ಬಂದು ನನ್ನ ಪಂಚೆ ನೋಡಿದ.

“ಬೆಂಗ್ಳೂರಾ ಸಾರ್? ಪಂಚೆ ನೋಡೇ ಅಂದ್ಕೊಂಡೆ ಗುರು! ನಾನು ದೊಡ್ಡನೆಕ್ಕುಂದೀಲಿ ಮೋಮೋ ಅಂಗ್ಡೀಲಿದ್ದೆ. ಇಲ್ಲಿವರ್ಗೂ ಬಂದ್ಬಿಟ್ಟಿದೀರಲ್ಲ!”

ಆ ಊರಿನಲ್ಲಿ ಕನ್ನಡ ಕೇಳಿ ನನಗೆ ಜೀವ ಬಂತು. ಬಹದ್ದೂರ್ ಮನೆ ತೋರಿಸಪ್ಪ ಎಂದೆ.

“ಯಾವ್ ಬಹದ್ದೂರ್ ಸಾರ್? ಇವ್ರು ಮಾನ್ ಬಹದ್ದೂರ್. ಆ ಕೊನೇಲಿರೋರು ಟೇಕ್ ಬಹದ್ದೂರ್. ನಾನು ದಿಲ್ ಬಹದ್ದೂರ್. ನಿಮ್ಗೆ ಯಾರು ಬೇಕು?”

“ನಮ್ಮ ಬಹದ್ದೂರ್. ನಮ್ಮ ರೂಮಿನಲ್ಲಿ ಬಾಡಿಗೆಗಿದ್ದ.”

“ಸರಿ, ಹೆಸ್ರೇಳಿ.”

“ಅದೇ ಹೆಸರು.”

“ಎಷ್ಟೊರ್ಷ ಇದ್ರು ನಿಮ್ ಹತ್ರ?”

“ಎಂಟು ವರ್ಷದ ಮೇಲೇ ಇದ್ದ.”

ಅವನು ಅದನ್ನು ಬೆಂಚಿನವರಿಗೆ ಹೇಳಿದ. ಈ ಸಲ ಯಾರೂ ನಗಲಿಲ್ಲ. ಅದು ನಗುವುದಕ್ಕಿಂತ ಕಷ್ಟವಾಯಿತು. ನಾನು ಫೋನು ತೆಗೆದು ನೋಡಿದೆ. ಅದರಲ್ಲೂ ‘ಬಹದ್ದೂರ್ ಮೂಲೆ ರೂಮು’ ಎಂದೇ ಇತ್ತು.

ಗಂಗಮ್ಮ ಮುಂದೆ ಬಂದಳು. “ಎಂಡ್ತಿ ಎಸ್ರು ಸೀತಾ ಕಣಪ್ಪ. ಮಗಳು ಸರಿತಾ.”

“ನಿನಗೆ ಹೇಗೆ ಗೊತ್ತು?” ಎಂದೆ.

“ಕೇಳಿದ್ದೆ, ಏಳಿದ್ಳು. ಗಂಡನ ಎಸ್ರು ಅವ್ಳು ಬಾಯ್ಬಿಟ್ಟು ಏಳ್ನಿಲ್ಲ. ಅದನ್ನ ನೀವು ಕೇಳಿರ್ತೀರಿ ಅನ್ಕೊಂಡಿದ್ದೆ.”

“ಓ, ಸರಿತಾ ಅಪ್ಪ!” ದಿಲ್ ಬಹದ್ದೂರ್ ಹಣೆ ಚಚ್ಚಿಕೊಂಡ. “ಹರಿಪ್ರಸಾದ್ ಸಾರ್ ಅವ್ರು. ಅವ್ರ ಹೆಸ್ರಲ್ಲಿ ಬಹದ್ದೂರ್ ಇಲ್ವೇ ಇಲ್ಲ.”

ಹರಿಪ್ರಸಾದ್. ನಾಲಿಗೆಗೆ ಕಷ್ಟವಾಗುವ ಹೆಸರೇನೂ ಅಲ್ಲ. ನಮ್ಮ ಬೀದಿಯ ಹಾಲಿನವನ ಹೆಸರೂ ಅದೇ.

ನಲ್ಲಿಯ ಹತ್ತಿರ

ಊರು ಪೇಟೆಯಿಂದ ಮೇಲೆ ಇತ್ತು. ಕಲ್ಲಿನ ಮೆಟ್ಟಿಲು. ದಿಲ್ ಬಹದ್ದೂರ್ ಅಂಗಡಿ ಬೇರೆಯವರಿಗೆ ಒಪ್ಪಿಸಿ ನಮ್ಮ ಜೊತೆ ಹೊರಟ. ಅವನು ‘ಸರಿತಾ ಅಪ್ಪ’ ಎಂದನೇ ಹೊರತು ಸರಿತಾಳ ಬಗ್ಗೆ ಏನೂ ಹೇಳಿರಲಿಲ್ಲ. ಇಲ್ಲದ ಮಗುವಿನ ಹೆಸರಿನಿಂದಲೂ ತಂದೆಯನ್ನು ಕರೆಯುತ್ತಾರಲ್ಲ. ದಾರಿಯಲ್ಲಿ ಅರಳಿಮರಕ್ಕೆ ಕಲ್ಲಿನ ಕಟ್ಟೆ ಕಟ್ಟಿದ್ದರು. ಹೊರೆ ಹೊತ್ತವರು ಬೆನ್ನು ಬಗ್ಗಿಸದೆ ಹೊರೆ ಇಳಿಸುವ ಎತ್ತರಕ್ಕೆ ಸರಿಯಾಗಿತ್ತು. ನಮ್ಮೂರಿನ ಅರಳಿಕಟ್ಟೆ ಇದ್ದ ಜಾಗದಲ್ಲಿ ಈಗ ಟ್ರಾನ್ಸ್‌ಫಾರ್ಮರ್ ಇದೆ. ಅಲ್ಲಿ ಕೂತಾಗ ಗಂಗಮ್ಮ ಅವನನ್ನು ಕೇಳಲು ಬಾಯಿ ತೆರೆದಳು.

“ಕೇಳಬೇಡ,” ಎಂದೆ. ಕೇಳಿ ಬರಬಾರದ ಉತ್ತರ ಬಂದರೆ ನನ್ನ ಕಾಲು ಅಲ್ಲಿಂದಲೇ ಕೆಳಕ್ಕೆ ತಿರುಗುತ್ತಿತ್ತು.

ಊರಿನ ಬಾಗಿಲಲ್ಲೇ ಒಂದು ನಲ್ಲಿ. ನೀರು ಸಣ್ಣಗೆ ಬರುತ್ತಿತ್ತು. ಮೆಟ್ಟಿಲುಗಳ ಮೇಲೆ ಬಿಂದಿಗೆ, ಕ್ಯಾನುಗಳ ಉದ್ದ ಸಾಲು. ನೀರಿಗೆ ಬರ ನಮ್ಮಲ್ಲಿ ಮಾತ್ರ, ಬೆಟ್ಟದ ಜನಕ್ಕೇನು ಎಂದುಕೊಂಡು ಅವತ್ತು ನಾನು ‘ನಿಮ್ಮೂರಿಗೆ ಹೋಗ್ರಿ’ ಎಂದಿದ್ದೆ. ಇಲ್ಲಿ ನೋಡಿದರೆ ನಮಗಿಂತ ಕಡಿಮೆ. ಜಗಳ ಮಾತ್ರ ಇರಲಿಲ್ಲ. ಒಬ್ಬ ಹೆಂಗಸು ಕೆಳಗಿನಿಂದ ಬಂದು ಸಾಲಿನಲ್ಲಿ ನಿಲ್ಲದೆ ನೇರವಾಗಿ ನಲ್ಲಿಗೆ ಕೊಡ ಹಿಡಿದಳು. ಯಾರೂ ಏನೂ ಅನ್ನಲಿಲ್ಲ. ಕೊಡದ ಕುತ್ತಿಗೆಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು.

“ಅವ್ರ ಮನೇಲಿ ಹುಷಾರಿಲ್ಲ ಅಂತ ಅರ್ಥ ಸಾರ್,” ಎಂದ ದಿಲ್ ಬಹದ್ದೂರ್. “ಕೆಂಪು ಬಟ್ಟೆ ಇದ್ರೆ ಕ್ಯೂ ಇಲ್ಲ. ಈ ಊರೋರೇ ಮಾಡ್ಕೊಂಡಿರೋದು.”

“ಸುಮ್ಮಸುಮ್ಮನೆ ಕಟ್ಟಿಕೊಂಡು ಬಂದರೆ?”

“ಎಲ್ರೂ ಸಾಯಂಕಾಲ ಹುಷಾರು ವಿಚಾರ್ಸಕ್ಕೆ ಹೋಗ್ತಾರಲ್ಲ ಸಾರ್, ಸಿಕ್ಕಾಕ್ಕೊಂತಾರೆ!” ಅವನು ನಕ್ಕ. “ಮುಂಚೆ ಈ ಪೈಪು ಸೀದಾ ದೊಡ್ಡ ಮನೆಯವ್ರ ಅಂಗಳಕ್ಕೆ ಹೋಗ್ತಿತ್ತು. ಊರೋರೆಲ್ಲ ಸೇರಿ ಜಗಳ ಆಡಿ ಆಡಿ ಇಲ್ಲಿಗೆ ತಂದ್ರು.”

“ದೊಡ್ಡ ಮನೆಯವರು ಸುಮ್ಮನಿದ್ದರಾ?”

“ಎಲ್ಲಿ ಸುಮ್ನಿದ್ರು, ಮಾತೇ ಬಿಟ್ಬಿಟ್ಟಿದ್ರು. ಅಗೋ, ಆ ಹಸಿರು ಕ್ಯಾನು ಇಟ್ಕೊಂಡು ನಿಂತಿದಾರಲ್ಲ, ಅವ್ರೇ.”

ಟೋಪಿ ಹಾಕಿದ್ದ ಆ ಯಜಮಾನ ಸಾಲಿನ ಮಧ್ಯದಲ್ಲಿ ನಿಂತು ಮುಂದಿನವರ ಜೊತೆ ಹರಟುತ್ತಿದ್ದ. ಗೌರವ ಹೋದವನ ಹಾಗೆ ಕಾಣಲಿಲ್ಲ. ಅಂಗಳದಲ್ಲಿ ಒಬ್ಬನೇ ನೀರು ಹಿಡಿಯುತ್ತಿದ್ದಾಗ ಇವನಿಗೆ ಇಷ್ಟು ಮಾತಿಗೆ ಜನ ಸಿಗುತ್ತಿರಲಿಲ್ಲ ಎನಿಸಿತು.

ಅಷ್ಟರಲ್ಲಿ ಮ್ಯಾನೇಜರ್ ಫೋನು. “ಯಜಮಾನ್ರೇ, ದಾರಿ ಬಿಟ್ರು! ಬೇಗ ಇಳೀರಿ. ಬಸ್ಸು ಕಾಯಲ್ಲ, ನೂರೆಂಟು ಧಾರೆ ಮಿಸ್ ಆಗುತ್ತೆ.”

ಗಂಗಮ್ಮನ ಮುಖ ನೋಡಿದೆ. ಮುಕ್ತಿನಾಥಕ್ಕೆಂದು ಅವಳು ಹೊಸ ಸೀರೆ ತಂದಿದ್ದಳು. “ಓಗ್ಬರ್ಲಿ ಬುಡಿ ಅವ್ರು,” ಎಂದಳು.

“ನೀವು ಹೋಗಿ ಬನ್ನಪ್ಪ. ವಾಪಸ್ ಬರುವಾಗ ಇಲ್ಲೇ ಹತ್ತಿಸಿಕೊಳ್ಳಿ,” ಎಂದು ಫೋನು ಇಟ್ಟೆ.

ಇಟ್ಟು ತಿರುಗುವುದರೊಳಗೆ ಸಾಲಿನ ಹಿಂದಿನಿಂದ ಒಂದು ಕೂಗು ಕೇಳಿಸಿತು, ಶುದ್ಧ ಬಾಗಲಗುಂಟೆಯ ಕನ್ನಡದಲ್ಲಿ.

“ಅಯ್ಯೋ! ಪಾನಿಬಂದ್ ತಾತ!”

ಚಿಕ್ಕ ಕ್ಯಾನು ಹಿಡಿದ ಹುಡುಗಿ. ಎರಡು ಜಡೆ, ಮೂಗು ಸೋರುತ್ತಿತ್ತು. ಕ್ಯಾನು ಅಲ್ಲೇ ಬಿಟ್ಟು ಮೆಟ್ಟಿಲು ಹತ್ತಿ ಓಡಿದಳು. “ಅಮ್ಮಾ! ಪಾನಿಬಂದ್ ತಾತ ಬಂದವ್ರೇ! ಅಜ್ಜಿನೂ ಬಂದವ್ರೇ!”

ನಾನು ನಲ್ಲಿಯ ಕಟ್ಟೆಯ ಮೇಲೆ ಕೂತುಬಿಟ್ಟೆ. ಕೆಳಗಿನ ರೂಮುಗಳಲ್ಲಿ ನನಗೊಂದು ಹೆಸರಿತ್ತು ಎನ್ನುವುದು ಅವತ್ತಿನವರೆಗೂ ನನಗೆ ಗೊತ್ತಿರಲಿಲ್ಲ. ಗಂಗಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, “ಬದುಕವ್ಳೆ ಕಣ್ರೀ. ಓಡ್ತಾವ್ಳೆ ನೋಡ್ರೀ,” ಎನ್ನುತ್ತಲೇ ಇದ್ದಳು. ಸಾಲಿನಲ್ಲಿದ್ದ ಯಾರೋ ಏನೆಂದು ತಿಳಿದರೋ, ತಮ್ಮ ಕೊಡ ಸರಿಸಿ ಒಂದು ಲೋಟ ನೀರು ಹಿಡಿದು ನನಗೆ ಕುಡಿಯಲು ಕೊಟ್ಟರು.

ಹರಿಪ್ರಸಾದನ ಮನೆ

ಹರಿಪ್ರಸಾದ್ ಬಾಗಿಲಲ್ಲಿ ನಿಂತಿದ್ದ. ನಗಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. “ಬನ್ನಿ ಸಾರ್,” ಎಂದ. ನನ್ನ ಮನೆಯ ಒಳಕ್ಕೆ ಅವನು ಒಂದು ಸಲವೂ ಬಂದಿರಲಿಲ್ಲ. ಬಾಡಿಗೆ ಕೊಡುವುದು ಮೆಟ್ಟಿಲ ಮೇಲೆಯೇ ಮುಗಿಯುತ್ತಿತ್ತು. ಇಲ್ಲಿ ಅವನು ನಮ್ಮನ್ನು ಒಲೆಯ ಹತ್ತಿರವೇ ಕೂರಿಸಿದ.

ರೈಲಿನಲ್ಲಿ ಮಗುವಿಗೆ ಜಾಸ್ತಿಯಾಗಿ, ಗೋರಖಪುರದಲ್ಲಿ ಇಳಿಸಿ ಆಸ್ಪತ್ರೆಗೆ ಹಾಕಿದ್ದರಂತೆ. “ಹೋಗೇಬಿಟ್ಳು ಅನ್ಕೊಂಡಿದ್ವಿ ಸಾರ್. ಆಮೇಲೆ ಕಣ್ ಬಿಟ್ಳು,” ಎಂದು ಅವನು ನೆಲ ನೋಡಿಕೊಂಡು ಹೇಳಿದ.

“ತಪ್ಪಾಯಿತು ಹರಿಪ್ರಸಾದ್,” ಎಂದೆ.

ಅವನು ತಟ್ಟನೆ ತಲೆ ಎತ್ತಿದ. “ನನ್ನ ಹೆಸ್ರು ಯಾರು ಹೇಳಿದ್ರು?”

“ಈಗ ತಾನೆ, ಕೆಳಗೆ ಪೇಟೆಯಲ್ಲಿ.”

ಸೀತಾ ಟೀ ಲೋಟ ನನ್ನ ಮುಂದಿಟ್ಟು ನೆಟ್ಟಗೆ ನೋಡಿದಳು.

“ಅವತ್ತು ನಾನು ಕದ್ದಿಲ್ಲ ಸಾರ್. ಫಸ್ಟು ಮೇಲಕ್ಕೆ ಬಂದು ಬೆಲ್ ಮಾಡ್ದೆ. ಎರಡು ಸಲ ಮಾಡ್ದೆ. ನೀವು ಮಲ್ಗಿದ್ರೇನೋ. ಅದಕ್ಕೇ ಪ್ಲೇಯರ್ ತಗೊಂಡೆ.”

ಇಲ್ಲಿಯವರೆಗೆ ಓದಿದವರಿಗೂ ನಾನು ಒಂದು ವಿಷಯ ಬಚ್ಚಿಟ್ಟಿದ್ದೇನೆ. ಗಂಗಮ್ಮನಿಗೂ ಹೇಳಿರಲಿಲ್ಲ. ಹೌದು, ಮಲಗಿದ್ದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದಾರಿಯನ್ನು ಅವಳೇ ತೆರೆದುಕೊಟ್ಟಿದ್ದಳು.

“ಮಲಗಿರಲಿಲ್ಲ ತಾಯಿ,” ಎಂದೆ. “ಬೆಲ್ ಕೇಳಿಸಿತ್ತು. ಕಿಟಕಿಯಿಂದ ನೋಡಿದೆ. ನೀನು ಕೊಡ ಹಿಡಿದು ನಿಂತಿದ್ದೆ. ನೀರಿಗೇ ಬಂದಿದ್ದಾಳೆ ಅಂತ ಗೊತ್ತಾಗಿ, ಬೇಕೆಂದೇ ಬಾಗಿಲು ತೆಗೆಯಲಿಲ್ಲ.”

ಗಂಗಮ್ಮ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು.

ಸೀತಾ ಹೇಳಿದಳು: “ಬೆಲ್ ಮಾಡಿದ ತಕ್ಷಣ ನಿಮ್ಮನೆ ಟಿವಿ ಸೌಂಡ್ ನಿಂತೋಯ್ತು ಸಾರ್. ಅವತ್ತೇ ಗೊತ್ತಾಗಿತ್ತು. ನೀವಾಗಿ ನೀವು ಹೇಳ್ತೀರಾ ಅಂತ ನೋಡ್ದೆ.”

ಹೊರಗೆ ಸರಿತಾ ಯಾರಿಗೋ ನೇಪಾಳಿಯಲ್ಲಿ ನನ್ನ ಕಥೆ ಹೇಳುತ್ತಿದ್ದಳು. ನಡುನಡುವೆ “ಪಾನಿ ಬಂದ್!” ಎಂದು ನನ್ನ ಧ್ವನಿಯಲ್ಲೇ ಕೂಗಿ ತೋರಿಸುತ್ತಿದ್ದಳು. ಮಕ್ಕಳೆಲ್ಲ ಕೇಕೆ ಹಾಕುತ್ತಿದ್ದರು. ಹರಿಪ್ರಸಾದನಿಗೆ ನಗು ತಡೆಯಲಾಗಲಿಲ್ಲ. ಅವನ ಹೆಂಡತಿ ನಗಲಿಲ್ಲ. ಅವಳು ಕ್ಷಮಿಸಿದಳು ಎಂದು ನಾನು ಬರೆಯುವುದಿಲ್ಲ, ಅವಳು ಹಾಗೆ ಹೇಳಲೇ ಇಲ್ಲ. ಊಟಕ್ಕೆ ಏಳಿ ಎಂದಳು, ಅಷ್ಟೇ.

ಬಸ್ಸು ವಾಪಸ್ ಬಂದ ದಿನ, ಹೊರಡುವಾಗ ಹರಿಪ್ರಸಾದನಿಗೆ, “ವಾಪಸ್ ಬನ್ನಿ, ನಿಮ್ಮ ರೂಮು ನಿಮಗೇ,” ಎಂದೆ. ಅವನಿಗೆ ಬಹುವಚನ ಹಾಕಿದ್ದು ಅದೇ ಮೊದಲು.

“ಬರಲ್ಲ ಸಾರ್, ಇಲ್ಲೇ ಕೆಲ್ಸ ಸಿಕ್ಕಿದೆ. ಆ ರೂಮಲ್ಲಿ ಈಗ ಯಾರಿದ್ದಾರೆ?”

“ಒರಿಸ್ಸಾದವರು.”

“ಮಗು ಇದ್ಯಾ?”

“ಇದೆ.”

“ಹಂಗಾದ್ರೆ ನಮ್ಗೆ ಬಿಡಬೇಕಾದ ನೀರು ಅವ್ರಿಗೆ ಬಿಡಿ ಸಾರ್.”

ಮತ್ತೆ ಬಾಗಲಗುಂಟೆ

ಬಂದ ದಿನವೇ, ಹೋಗುವಾಗ ಮಗನಿಗೆ ಒಪ್ಪಿಸಿದ್ದ ಹಿಡಿಯನ್ನು ವಾಪಸ್ ತೆಗೆದುಕೊಂಡು ವಾಲ್ವಿಗೆ ಹಾಕಿ ಸ್ಕ್ರೂ ಬಿಗಿಸಿದೆ. ಪ್ಲಂಬರ್ ಕರೆಸಿ ನಮ್ಮ ಮನೆಯ ಪೈಪಿಗೂ ಒಂದು ವಾಲ್ವು ಕೂರಿಸಿದೆ. ಆಮೇಲೆ ರೂಮಿನವರನ್ನೆಲ್ಲ ಕರೆದು, ಒಬ್ಬೊಬ್ಬರ ಹೆಸರು ಕೇಳಿ, ಈ ನೀರನ್ನು ನಾವೆಲ್ಲ ಹೇಗೆ ಹಂಚಿಕೊಳ್ಳೋಣ ಎಂದೆ. ಮೊದಲು ಯಾರೂ ಬಾಯಿಬಿಡಲಿಲ್ಲ, ಬಾಡಿಗೆ ಜಾಸ್ತಿ ಮಾಡುವ ಉಪಾಯ ಎಂದುಕೊಂಡಿದ್ದರಂತೆ. ಮೊದಲ ವಾರ ಟ್ಯಾಂಕು ಮಧ್ಯಾಹ್ನಕ್ಕೇ ಬತ್ತಿ, ಮೇಲೆ ಕೆಳಗೆ ಎಲ್ಲರೂ ಪರದಾಡಿದೆವು. ಎರಡ್ಮೂರು ಸಲ ಕೂತು ಮಾತಾಡಿದ ಮೇಲೆ ಹದಕ್ಕೆ ಬಂತು. ಕೆಂಪು ಬಟ್ಟೆಯ ವಿಷಯ ಹೇಳಿದಾಗ ಒರಿಸ್ಸಾದ ಹೆಂಗಸು ಒಳಗೆ ಹೋಗಿ ಹಳೇ ರವಿಕೆಯಿಂದ ಒಂದು ಪಟ್ಟಿ ಹರಿದು ತಂದಳು. ಅದು ಈಗ ವಾಲ್ವಿನ ಪಕ್ಕದ ಮೊಳೆಯಲ್ಲೇ ಇರುತ್ತದೆ. ಯಾರಿಗೆ ಬೇಕೋ ಅವರು ಕಟ್ಟಿಕೊಳ್ಳಬಹುದು.

ಪಕ್ಕದ ಓನರು ಮರಿಯಣ್ಣ ಬಂದು ಜಗಳ ಆಡಿದ. “ಏನ್ ಹನುಮಂತಣ್ಣ, ನೇಪಾಳಕ್ಕೋಗಿ ಸನ್ಯಾಸಿ ಆಗ್ಬಿಟ್ಟಾ? ನಾಳೆ ನಮ್ ರೂಮಿನೋರೂ ಬಂದು ಕೇಳ್ತಾರೆ!”

“ಕೇಳಲಿ ಅಂತಾನೇ ಮಾಡಿದ್ದು ಕಣೋ,” ಎಂದೆ.

ನನ್ನಂಥ ಓನರುಗಳಿಗೆ ಧೈರ್ಯವಾಗಿ ಒಂದು ಮಾತು ಹೇಳುತ್ತೇನೆ. ಒಬ್ಬ ಮುದುಕನ ಮನಸ್ಸು ಕರಗಿದರೆ ಸಾಲದು. ನಾಳೆ ನಾನು ಸತ್ತರೆ ನನ್ನ ಮಗ ಆ ಸ್ಕ್ರೂ ಬಿಚ್ಚಬಹುದು. ಇಡೀ ಬೀದಿ ಸೇರಿ ಕಟ್ಟಳೆ ಮಾಡಬೇಕು, ಅದರಲ್ಲಿ ಬಾಡಿಗೆಯವರೂ ನಮ್ಮ ಸಮಕ್ಕೆ ಕೂರಬೇಕು. ಯಾರದೋ ಅಂಗಳಕ್ಕೆ ಹೋಗುತ್ತಿದ್ದ ಪೈಪನ್ನು ಬೀದಿಗೆ ತಂದ ಊರನ್ನು ನೋಡಿ ಬಂದಿದ್ದೇನೆ, ಆಗುತ್ತದೆ. ಇದಕ್ಕೆಂದು ನಾನು ಕರೆದ ಮೊದಲ ಸಭೆಗೆ ಓನರುಗಳ ಪೈಕಿ ಮರಿಯಣ್ಣ ಒಬ್ಬನೇ ಬಂದ, ಅದೂ ಬೈಯುವುದಕ್ಕೆ. ಬೈದು ಮುಗಿಸಿ ಕೊನೆಯವರೆಗೂ ಕೂತಿದ್ದ.

ನೂರೆಂಟು ಧಾರೆ ನನಗೆ ಸಿಗಲಿಲ್ಲ. ಸಿಕ್ಕಿದ್ದು ಒಂದು ನಲ್ಲಿ, ಅದೂ ಸಣ್ಣಗೆ ಬರುವುದು. ನನಗೆ ಅಷ್ಟು ಸಾಕಾಯಿತು.

ಅವರ ಊರಿನ ಹೊಸ ನಂಬರನ್ನು ಫೋನಿನಲ್ಲಿ ಈಗ ಹರಿಪ್ರಸಾದ್ ಎಂದು ಬರೆದುಕೊಂಡಿದ್ದೇನೆ. ಮೊನ್ನೆ ಫೋನು ಮಾಡಿ, ಹಿಡಿ ಹಾಕಿದ ವಿಷಯ, ಕೆಂಪು ಬಟ್ಟೆಯ ವಿಷಯ ಎಲ್ಲ ಹೇಳಬೇಕೆಂದಿದ್ದೆ. ಎತ್ತಿಕೊಂಡವಳು ಸರಿತಾ.

“ಯಾರೇ ಅದು?” ಎಂದು ಹಿಂದಿನಿಂದ ಸೀತಾಳ ದನಿ ಕೇಳಿಸಿತು.

“ಪಾನಿಬಂದ್ ತಾತ ಅಮ್ಮಾ!”

ನೀರು ಈಗ ಬಂದ್ ಇಲ್ಲ ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಆ ಹೆಸರು ನಾನೇ ಸಂಪಾದಿಸಿದ್ದು. ಅಳಿಸುವುದಾದರೆ ಅವಳೇ ಅಳಿಸಬೇಕು.

“ಹ್ಞೂಂ ಕಣಮ್ಮಾ,” ಎಂದೆ. “ನಾನೇ.”